ಗೇಟಿನಿಂದ ನೂರು ಹೆಜ್ಜೆ

ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳಿಗೆ ಹೊಸ ನಿಯಮವೆಂದರೆ ಒಂದೇ ಅರ್ಥ: ಇನ್ನೊಂದು ಕೆಲಸ ತನ್ನ ತಲೆಗೆ ಬಂತು. ಆದರೂ ಎರಡನೇ ಮಹಡಿಯ ಬಾಲ್ಕನಿಯಲ್ಲಿ ‘ಇಲ್ಲಿ ಧೂಮಪಾನ ಮಾಡಬಾರದು’ ಎಂಬ ಬೋರ್ಡು ಹೊಡೆದ ದಿನ ಆಯಮ್ಮ ಖುಷಿಪಟ್ಟಳು. ಮೊಳೆ ಹೊಡೆಯುವವನಿಗೆ ಸ್ಟೂಲು ಹಿಡಿದು ನಿಂತವಳೂ ಅವಳೇ.

ಖುಷಿಗೆ ಕಾರಣ ಮನೆಯಲ್ಲಿತ್ತು. ಗಂಡ ಬಸ್ ಕಂಡಕ್ಟರ್. ಇದ್ದದ್ದು ಒಂದೂವರೆ ಕೋಣೆ. ಆತ ಸಿಗರೇಟು ಹಚ್ಚಿದರೆ ಹೊಗೆ ದಿಂಬಿಗೂ ಹತ್ತುತ್ತಿತ್ತು, ಒಗೆದು ಮಡಚಿಟ್ಟ ಸೀರೆಗೂ ಹತ್ತುತ್ತಿತ್ತು. “ಹೊರಗೆ ಹೋಗಿ ಸೇದ್ರಿ” ಎಂದರೆ ಸಾಕು, “ದಿನವೆಲ್ಲ ನಿಂತು ದುಡಿದು ಬಂದಿದೀನಿ. ನನ್ನ ಮನೇಲಿ ನಂಗೆ ಇಷ್ಟೂ ಸ್ವಾತಂತ್ರ್ಯ ಇಲ್ವಾ?” ಅನ್ನುತ್ತಿದ್ದ. ತಾನೂ ದಿನವೆಲ್ಲ ನಿಂತೇ ಬಂದವಳು ಎಂದು ಹೇಳುವಷ್ಟು ತ್ರಾಣ ಆ ಹೊತ್ತಿಗೆ ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಅದು ವಾಸಿಯಾಗಿ ಮನೆಗೆ ಹೋಗುವವರ ಆಸ್ಪತ್ರೆಯಲ್ಲ. ಬಂದವರು ಅಲ್ಲೇ ಉಳಿಯುವಂಥದ್ದು. ಏಳನೇ ಕೋಣೆಯಲ್ಲಿ ಡ್ರೈವರಜ್ಜ. ನಲವತ್ತು ವರ್ಷ ಲಾರಿ ಓಡಿಸಿದವನು ಬೆನ್ನುಮೂಳೆ ಮುರಿದುಕೊಂಡು ಈಗ ಗಾಲಿಕುರ್ಚಿ ಹಿಡಿದಿದ್ದ. ಬಾಲ್ಕನಿಯಲ್ಲಿ ದಿನಕ್ಕೆ ಎರಡು ಸಿಗರೇಟು ಅವನ ಲೆಕ್ಕ. ಪಕ್ಕದ ಎಂಟನೇ ಕೋಣೆಯಲ್ಲಿ ಟೀಚರಮ್ಮ, ಹಳೇ ಉಬ್ಬಸದ ರೋಗಿ. ಅಜ್ಜನ ಹೊಗೆ ನೇರ ಆಕೆಯ ಕಿಟಕಿಗೆ ನುಗ್ಗುತ್ತಿತ್ತು. ಅರ್ಜಿ ಬರೆದು ಬೋರ್ಡು ಹಾಕಿಸಿದವರು ಆಕೆಯೇ.

“ನಾನೇನು ತಪ್ಪು ಮಾಡ್ದೆ ಹೇಳು ಆಯಮ್ಮ,” ಎಂದು ಟೀಚರಮ್ಮ ಕೇಳಿದರು. “ಸೇದೋದು ಅವರಿಷ್ಟ. ಉಸಿರಾಡೋದು ನಂಗೆ ಇಷ್ಟದ ಮಾತಲ್ಲ, ಗತ್ಯಂತರ ಇಲ್ಲ.”

ಆ ಮಾತು ಸರಿ ಎನಿಸಿತು. ಏಳನೇ ಕೋಣೆಗೆ ಹೋದರೆ ಅಲ್ಲಿಯ ಮಾತೂ ಸರಿ ಎನಿಸಿತು.

“ಕಾಲು ಹೋಯ್ತು, ಹಲ್ಲು ಹೋಯ್ತು,” ಎಂದ ಅಜ್ಜ, ಗೋಡೆ ನೋಡುತ್ತ. “ಉಪ್ಪು ಬೇಡ ಅಂದ್ರಿ, ಬಿಟ್ಟೆ. ಯಾವಾಗ ಏಳ್ಬೇಕು, ಯಾವಾಗ ಸ್ನಾನ, ಎಲ್ಲಾ ನೀವೇ ಹೇಳ್ತೀರಿ. ನಾನು ಹೇಳಿದ ಹಾಗೆ ನಡೀತಿದ್ದದ್ದು ಇದೊಂದೇ ಕಣಮ್ಮ.”

ಮಾರನೆಯ ದಿನದಿಂದ ಅವನು ಊಟ ಬಿಟ್ಟ. ತಟ್ಟೆ ಹೋದ ಹಾಗೇ ವಾಪಸು ಬರುತ್ತಿತ್ತು. ಮೂರನೇ ದಿನ ಮೇಟ್ರನ್ ಆಯಮ್ಮನನ್ನು ಕರೆದು, “ಹೆಂಗಾದ್ರೂ ಮಾಡಿ ತಿನ್ಸು” ಎಂದರು. ಹೆಂಗೆ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಹೊಸ ನಿಯಮದ ಪ್ರಕಾರ ಗೇಟಿನಿಂದ ನೂರು ಹೆಜ್ಜೆ ಆಚೆ ಹೋಗಿ ಸೇದಿದರೆ ಯಾರ ತಕರಾರೂ ಇರಲಿಲ್ಲ. ಆ ನೂರು ಹೆಜ್ಜೆ ಅಳೆದವನು ಸೆಕ್ಯುರಿಟಿಯವನು, ಆರಡಿ ಆಳು. “ಅಳೆಯೋಕೆ ನನ್ನನ್ನ ಕರೀಬಾರದಿತ್ತಾ? ಅವನ ಅರವತ್ತಕ್ಕೇ ನನ್ನ ನೂರು ಮುಗೀತಿತ್ತು,” ಎಂದು ಆಯಮ್ಮ ಗೊಣಗಿದಳು. ಮೇಲಾಗಿ ರಸ್ತೆ ಏರು. ಮಧ್ಯಾಹ್ನ ತನ್ನ ಊಟದ ಬಿಡುವಿನಲ್ಲಿ ಒಮ್ಮೆ, ಸಂಜೆ ಟೀ ಬಿಡುವಿನಲ್ಲಿ ಇನ್ನೊಮ್ಮೆ ಅವಳು ಕುರ್ಚಿ ತಳ್ಳತೊಡಗಿದಳು. ಏರು ಮುಗಿದಲ್ಲಿ ಒಂದು ಹಾಳು ಗೋಡೆ. ಅಜ್ಜ ಅಲ್ಲಿ ಸಿಗರೇಟು ಹಚ್ಚಿ, ರಸ್ತೆಯಲ್ಲಿ ಹೋಗುವ ಲಾರಿಗಳ ಗೇರಿನ ಸದ್ದು ಕೇಳಿ, “ಲೋಡು ಜಾಸ್ತಿ ಹಾಕವ್ನೆ ನೋಡು, ಬಡ್ಡಿಮಗ” ಎನ್ನುತ್ತಿದ್ದ. ಅವಳು ಗಾಳಿ ಬರುವ ಕಡೆ ತಿರುಗಿ ನಿಂತು ಡಬ್ಬಿಯ ಊಟ ಮುಗಿಸುತ್ತಿದ್ದಳು. ಮನೆಯಲ್ಲಿ ಯಾವುದು ಬೇಡವೆಂದು ಇಪ್ಪತ್ತು ವರ್ಷ ಜಗಳವಾಡಿದಳೋ ಅದನ್ನೇ ಇಲ್ಲಿ ಕೈಯಾರೆ ದಿಬ್ಬ ಹತ್ತಿಸುತ್ತಿದ್ದಾಳೆ! ನಗಬೇಕೆನಿಸುತ್ತಿತ್ತು. ನಗುವುದಕ್ಕೂ ಸುಸ್ತು.

ಅಜ್ಜ ಮಾತ್ರ ಊಟ ಮಾಡತೊಡಗಿದ.

ಎರಡು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ಇಳಿಯುವಾಗ ಮುಂದಿನ ಗಾಲಿ ಚರಂಡಿಯ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡಿತು. ಕುರ್ಚಿ ವಾಲಿತು. ಅಜ್ಜ ಬೀಳದಂತೆ ಎಳೆದು ಹಿಡಿಯಲು ಹೋಗಿ ಅವಳೇ ಮುಗ್ಗರಿಸಿ, ಮೊಣಕಾಲು ಕಲ್ಲಿಗೆ ಬಡಿಯಿತು. ಅಜ್ಜ ಕೂತಲ್ಲಿಂದಲೇ, ಲಾರಿ ಹಾರ್ನಿನಂಥ ದನಿಯಲ್ಲಿ, “ಯಾರಾದ್ರೂ ಬರ್ರಯ್ಯೋ!” ಎಂದು ಕೂಗಿದ. ದಾರಿಹೋಕರಿಬ್ಬರು ಬಂದು ಎತ್ತಿದರು.

ಮೇಟ್ರನ್, “ಪೇಷಂಟನ್ನ ಹೊರಗೆ ಕರ್ಕೊಂಡು ಹೋಗು ಅಂತ ಯಾರು ಹೇಳಿದ್ರು ನಿಂಗೆ?” ಎಂದರು. ತಿನ್ನಿಸು ಎಂದವರೂ ಅವರೇ. ಆಯಮ್ಮ ಒಂದು ಮೆಮೋ, ಹತ್ತು ದಿನದ ರಜೆ ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಮನೆಗೆ ಹೋದಳು. ಗಂಡ ಪಟ್ಟಿ ಸುತ್ತಿದ ಕಾಲು ನೋಡಿ ಎರಡು ದಿನ ಮೆಟ್ಟಿಲ ಮೇಲೆ ಕೂತು ಸೇದಿದ. ಮೂರನೇ ದಿನ, “ಹೊರಗೆ ಚಳಿ ಕಣೇ” ಎಂದು ಒಳಗೆ ಬಂದ. ಅವಳು ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿದಳು.

ಕುಂಟುತ್ತ ಕೆಲಸಕ್ಕೆ ಮರಳಿದಾಗ ಟೀಚರಮ್ಮ ಇನ್ನೊಂದು ಅರ್ಜಿ ಬರೆದಿಟ್ಟಿದ್ದರು: ಬಟ್ಟೆ ಒಗೆಯುವ ಕೋಣೆಯ ಹಿಂದೆ, ಯಾರ ಕಿಟಕಿಯೂ ಇಲ್ಲದ ಕಡೆ, ಸೇದುವವರಿಗೊಂದು ತಗಡಿನ ಸೂರು ಹಾಕಿಸಿ.

“ನೀವಾ ಟೀಚರಮ್ಮ ಇದನ್ನ ಬರೆದಿದ್ದು?”

“ನನ್ನ ಕಿಟಕೀಗೆ ಬರಬಾರ್ದು ಅಂದಿದ್ದೆ. ಅವರು ಬಿಡ್ಬೇಕು ಅಂತ ನಾನ್ಯಾವತ್ತು ಬರೆದೆ? ಅದಕ್ಕೆ ನೀನು ಬೀಳೋ ಹಾಗಾಯ್ತಲ್ಲ.” ಅಷ್ಟು ಹೇಳುವುದರಲ್ಲಿ ಮೂರು ಸಲ ಉಸಿರು ಎಳೆದುಕೊಂಡರು.

ಸೂರು ಬರಲು ಐದು ತಿಂಗಳು ಹಿಡಿಯಿತು. ಬರುತ್ತದೆಂಬ ಮಾತಿನ ಮೇಲೆ ಅಜ್ಜ ಸೇದದೆ, ಊಟವನ್ನೂ ಬಿಡದೆ ಕಾದ. ಅಷ್ಟರಲ್ಲಿ ಅಜ್ಜನ ಎದೆ ಕೆಟ್ಟು, ಕುರ್ಚಿಯ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು ಬಂದು ಕೂತಿತ್ತು. ಆಯಮ್ಮ ಅದನ್ನು ಬಿಚ್ಚಿ ಕೋಣೆಯಲ್ಲೇ ಬಿಟ್ಟು, ಐದೇ ನಿಮಿಷ ಎಂದು ನರ್ಸಿಗೆ ಹೇಳಿ, ಅವನ ಕುರ್ಚಿಯನ್ನು ಹೊಸ ಸೂರಿನಡಿ ತಂದು ನಿಲ್ಲಿಸಿದಳು. ಏರಿಲ್ಲ, ಜಾಲರಿಯಿಲ್ಲ, ನುಣುಪು ಸಿಮೆಂಟು. ಅಜ್ಜ ಎರಡು ದಮ್ಮು ಎಳೆದ, ಕೆಮ್ಮಿದ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿ ಸಿಗರೇಟನ್ನು ನೆಲಕ್ಕೆ ಹಾಕಿದ.

“ಹುಲ್ಲು ಸುಟ್ಟ ಹಾಗಿದೆ. ರುಚಿನೇ ಇಲ್ಲ.”

“ಹಾಗಾದ್ರೆ ಬಿಟ್ಬಿಡಿ ಅಜ್ಜ.”

“ಬಿಟ್ಟೆ. ಆದ್ರೆ ನಾನಾಗೇ ಬಿಟ್ಟಿದ್ದು, ತಿಳೀತಾ? ಬೋರ್ಡು ನೋಡಿ ಅಲ್ಲ.”

ಬಿಡಿಸಿದ್ದು ರೋಗ ಎಂದು ಇಬ್ಬರಿಗೂ ಗೊತ್ತಿತ್ತು. “ನೀವಾಗೇ ಬಿಟ್ರಿ, ನಾನೇ ಸಾಕ್ಷಿ,” ಎಂದಳು ಆಯಮ್ಮ. ಆರು ವಾರದ ನಂತರ, ಒಂದು ಮಧ್ಯಾಹ್ನ, ಅಜ್ಜ ನಿದ್ದೆಯಲ್ಲೇ ತೀರಿಕೊಂಡ. ಹಾಸಿಗೆ ತೆಗೆದು, ಮಂಚ ತೊಳೆದು, ಏಳನೇ ಕೋಣೆಯ ಕಿಟಕಿ ತೆರೆದಿಟ್ಟವಳೂ ಅವಳೇ.

ಈಗ ಊಟದ ಬಿಡುವಿನಲ್ಲಿ ಅವಳು ಆ ಸೂರಿನಡಿ ಕಾಲು ಚಾಚಿ ಕೂರುತ್ತಾಳೆ. ಸೇದುವವರು ಅಲ್ಲಿಗೆ ಬರುವುದೇ ಕಡಿಮೆ. ಮೊದಲ ದಿನ ಸೆಕ್ಯುರಿಟಿಯವನು, “ಆಯಮ್ಮ, ಇದು ಸೇದೋರಿಗೆ ಮಾತ್ರ” ಎಂದ.

“ಸೇದೋದು ಕಲಿಯೋ ವಯಸ್ಸಲ್ಲಪ್ಪ ನಂದು. ಕೂರೋದನ್ನ ಕಲೀತಿದೀನಿ,” ಎಂದಳು. ಅವನು ಅತ್ತಿತ್ತ ನೋಡಿ, ಏನೂ ಕಾಣದವನಂತೆ ಗೇಟಿನ ಕಡೆ ಹೋದ. ಅವಳು ಚಪ್ಪಲಿ ಕಳಚಿ, ಊದಿದ ಪಾದಗಳನ್ನು ತಣ್ಣನೆಯ ಸಿಮೆಂಟಿನ ಮೇಲೆ ಊರಿದಳು. ಮೇಲಿಂದ ಯಾರೋ ಕರೆಯುವವರೆಗೆ ಇನ್ನೂ ಹತ್ತು ನಿಮಿಷ ಇತ್ತು.