ತಪ್ಪಾದರೂ ಹಾಳಿ ಎಳೆಯಬೇಡ ಎಂದವರು

ಟೈಪಿಂಗ್ ಸರ್ ಅವರ ಕಿರುಬೆರಳು ನಡುಗೆಣ್ಣಿನಲ್ಲಿ ಬಾಗಿತ್ತು, ನೇರವಾಗುತ್ತಿರಲಿಲ್ಲ. ಬಲಗೈಯದು ಎಂದು ಬರೆದು ಹೊಡೆದುಹಾಕಿದ್ದೇನೆ, ಎಡಗೈಯದೂ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಬೈಗುಳವನ್ನು ಅದು ಜೋಪಾನವಾಗಿ ಇಡುತ್ತದೆ, ಹೊಗಳಿಕೆಯನ್ನು ಎಲ್ಲೋ ಬಿಟ್ಟು ಬರುತ್ತದೆ.

ತೊಂಬತ್ತರ ದಶಕದ ನಡುವೆ, ಬಿ.ಎ. ಮುಗಿಸಿ, ಟೈಪಿಂಗ್ ಕಲಿಯಲು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಟ್ಟೆ ಅಂಗಡಿಯ ಮೇಲಿನ ಕೋಣೆ, ಆರು ಮಷಿನ್. ಸರ್ ಕಿಟಕಿಯತ್ತ ಮುಖ ಮಾಡಿ ಕೂತು, ಸದ್ದು ಕೇಳಿಯೇ ಹೇಳುತ್ತಿದ್ದರು: "ಮೂರನೇ ಮಷಿನ್, ಬೆರಳಿಗೆ ನಿದ್ದಿ ಬಂದದೇನು?"

ಆ ವರ್ಷ ಬೀದರಿನಲ್ಲಿ ಪರೀಕ್ಷೆ. ಎರಡನೇ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತು. ಮಷಿನ್ನಿನಿಂದ ಹಾಳಿ ಎಳೆದು ಹೊಸದು ಹಾಕಿದೆ. ಮತ್ತೆ ತಪ್ಪು, ಮತ್ತೆ ಹೊಸ ಹಾಳಿ. ಗಂಟೆ ಬಾರಿಸಿದಾಗ ಅರ್ಧ ಪುಟವೂ ಆಗಿರಲಿಲ್ಲ.

"ಒಂದು ತಪ್ಪಿಗೆ ಒಂದಿಷ್ಟು ಮಾರ್ಕ್ ಹೋಗ್ತದ. ಹಾಳಿ ಎಳದ್ರ ಪೂರಾ ಪರೀಕ್ಷಾನೇ ಹೋಗ್ತದ. ಇದೆಂಥ ಹಿಸಾಬ್ ತಂಗಿ ನಿಂದು?" ಎಂದರು ಸರ್.

ಆಮೇಲೆ ನಾನು ಹೋಗುವುದನ್ನೇ ಬಿಟ್ಟೆ. ಅಳುವಷ್ಟು ದುಃಖವೇನೂ ಇರಲಿಲ್ಲ. ಎದ್ದು ಏನು ಮಾಡುವುದು ಎನ್ನಿಸುತ್ತಿತ್ತು, ಅಷ್ಟೆ. ಒಂದು ಮಧ್ಯಾಹ್ನ ಸರ್ ಮರುಪರೀಕ್ಷೆಯ ಫಾರ್ಮ್ ಹಿಡಿದು ನಮ್ಮ ಮನೆಗೇ ಬಂದರು.

"ಊಟಾನೂ ಸರಿಯಾಗಿ ಮಾಡಾಕತ್ತಿಲ್ರಿ ಸರ್. ಕೇಳಿದ್ರ ಏನೂ ಆಗಿಲ್ಲ ಅಂತಾಳ," ಎಂದಳು ಅವ್ವ.

"ಮತ್ತ ನಪಾಸ್ ಆಗ್ತೀನ್ರಿ," ಎಂದೆ.

"ಆಗು. ನಾ ಎಲ್ಲಿ ಬ್ಯಾಡ ಅಂದೆ? ಆದ್ರ ಹಾಳಿ ಪೂರಾ ಮಾಡಿ ನಪಾಸಾಗು. ಇಲ್ಲಿ ಸಹಿ ಹಾಕು."

ಸಹಿ ಹಾಕಿದೆ, ಧೈರ್ಯ ಬಂದು ಅಲ್ಲ. ವಾದ ಮಾಡಲು ತ್ರಾಣವಿರಲಿಲ್ಲ.

ಮತ್ತೆ ಕ್ಲಾಸಿಗೆ ಹೋಗತೊಡಗಿದ ಮೇಲೆ ಅವರು ಹೊಸ ಪದ್ಧತಿ ಹಿಡಿದರು. ಹಾಳಿ ಮುಗಿದ ಮೇಲೆ, ತಿದ್ದುವ ಮೊದಲು, ನಾನೇ ಹೇಳಬೇಕು: ಎಷ್ಟು ತಪ್ಪು? "ಇಪ್ಪತ್ರಿ," ಎನ್ನುತ್ತಿದ್ದೆ. ಕೆಂಪು ಪೆನ್ನಿಗೆ ಏಳು ಸಿಗುತ್ತಿದ್ದವು. ಮರುದಿನವೂ ಇಪ್ಪತ್ತೇ ಎನ್ನುತ್ತಿದ್ದೆ. ವಾರವಾದರೂ ಇಪ್ಪತ್ತೇ.

ಪೆನ್ನಿನ ಮುಚ್ಚಳ ಹಾಕಿ ಒಂದು ದಿನ ಅವರು ಹೇಳಿದರು: "ಸೋತದ್ದು ಒಂದೇ ಸಲಕ್ಕ ಕಲ್ತಿದಿ. ಗೆದ್ದದ್ದು ದಿನಾ ತೋರಿಸಿದ್ರೂ ಕಲಿಯೊಲ್ಲಿ. ಮನಸ್ಸಿನ್ಯಾಗ ನಿಲ್ಲಂಗಿಲ್ಲಂದ್ರ ವಹಿನ್ಯಾಗ ಬರದಿಡು."

ವರ್ಷಗಳ ನಂತರ, ಗುಲ್ಬರ್ಗಾದಲ್ಲಿ ಎಂ.ಎ. ಓದುವಾಗ, ಡಾಕ್ಟರೊಬ್ಬರು ನನ್ನ ಈ ಮಂಕುತನ ಸೌಮ್ಯ ಖಿನ್ನತೆ ಎಂದರು. ಇಂಥ ಸ್ಥಿತಿಯಲ್ಲಿ ಮಿದುಳು ನಷ್ಟದ ಪಾಠವನ್ನು ಬೇಗ ಹಿಡಿಯಬಹುದು. ಒಳ್ಳೆಯದು ಬಂದರೆ, ಮುಂದೆಯೂ ಬಂದೀತು ಎಂಬ ನಿರೀಕ್ಷೆ ಮಾತ್ರ ಬಹಳ ನಿಧಾನವಾಗಿ ಬೆಳೆಯುತ್ತದೆ ಎಂದು ವಿವರಿಸಿದರು. ಎಲ್ಲರಲ್ಲೂ ಹೀಗೇ ಎಂದೇನಿಲ್ಲ ಎಂದೂ ಹೇಳಿದರು. ನನಗೆ ಅನುಮಾನ ಬಂತು: ಡಾಕ್ಟರ ಮಾತು ಕೇಳಿದ ಮೇಲೆ ಸೋಲು ಗೆಲುವಿನ ಆ ಮಾತನ್ನು ಸರ್ ಬಾಯಿಗೆ ನಾನೇ ಹಾಕಿಬಿಟ್ಟೆನೇ? ಸರ್ ಹೇಳಿದ ಮೇಲೆ ಬರೆದಿಡತೊಡಗಿದ್ದ ಹಳೆಯ ವಹಿ ತೆಗೆದು ನೋಡಿದೆ. ಮಾತು ಅಲ್ಲಿತ್ತು, ಕೆಳಗೆ "ಇವತ್ತು ಆರು ತಪ್ಪು" ಎಂದೂ ಇತ್ತು. ಆರು ಬಂದ ದಿನ ನನಗೆ ಚೂರೂ ನೆನಪಿರಲಿಲ್ಲ.

ಅಂದಿನ ಆ ಮರುಪರೀಕ್ಷೆಯಲ್ಲಿ ಮೊದಲ ಸಾಲಿನಲ್ಲೇ ತಪ್ಪಿದೆ. ಕೈ ಹಾಳಿಯತ್ತ ಹೋಯಿತು, ಎಳೆಯಲಿಲ್ಲ. ಪಾಸಾದೆ. ಸರ್ ಪೇಡೆ ಕೊಟ್ಟು ನನ್ನ ಮುಖ ನೋಡಿದರು. "ಖುಷಿ ಆಗವಲ್ದು? ಇರಲಿ. ತಡವಾಗಿ ಬರ್ತದ," ಎಂದರು.

ಎರಡು ಸಾವಿರದ ಇಸವಿಯ ಈಚೆಗೆ ಕಂಪ್ಯೂಟರ್ ಬಂದು ಆ ಕೋಣೆ ಮುಚ್ಚಿತು. ಕೆಲವು ವರ್ಷಕ್ಕೆ ಅವರ ಮಗ ಫೋನ್ ಮಾಡಿದ: "ಅಪ್ಪ ಹೋದ್ರು. ಸಂಜಿಗಿ ಮಣ್ಣು." ಈಗ ಹೋಗಿ ಏನು ಬಂತು, ಅವರಿಗೆ ಗೊತ್ತಾಗುವುದೇ ಎಂದಿತು ಮನಸ್ಸು, ಎಂದಿನಂತೆ. ಅದನ್ನು ಒಪ್ಪುತ್ತಲೇ ಬಸವಕಲ್ಯಾಣದ ಬಸ್ ಹತ್ತಿದೆ. ಸರದಿಯಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿ ವಾಪಸಾದೆ.

ಹೋದದ್ದು ಒಳ್ಳೆಯದಾಯಿತು ಎಂದು ಅವತ್ತು ಅನ್ನಿಸಲಿಲ್ಲ. ಈಗ ಕೆಲವು ದಿನ ಅನ್ನಿಸುತ್ತದೆ.