ಮಸಿಮೋರೆಗೆ ಬಾಯಿ ಕೊಟ್ಟವಳು

ಚಿತ್ರಕಥೆಯ ಪುಸ್ತಕ ಓದುವವರಿಗೆ ಕಥೆಗಾರ ಯಾರೆಂದು ಗೊತ್ತು, ಚಿತ್ರ ಬರೆದವರು ಯಾರೆಂದು ಗೊತ್ತು. ಪಾತ್ರಗಳ ತಲೆಯ ಮೇಲಿನ ಮಾತಿನ ಬಲೂನಿನೊಳಗೆ ಅಕ್ಷರ ಬರೆದವರು ಯಾರು ಎಂದು ಇವತ್ತಿನವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿದ್ದಿಲ್ಲ. ಅಕ್ಷರ ತನ್ನಷ್ಟಕ್ಕೆ ತಾನೇ ಮೊಳೆಯುತ್ತದೆ ಅಂದುಕೊಂಡಿದ್ದಾರೋ ಏನೋ. ಮೊಳೆಯುವುದಿಲ್ಲ ಸ್ವಾಮಿ. ಚಿತ್ರಕಥೆಯ ಪುಸ್ತಕ ತರುವ ಒಂದು ಕಚೇರಿಯ ಎರಡನೆಯ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಹಿಂದಿನ ಮೂಲೆಯಲ್ಲಿ, ಓರೆ ಹಲಗೆಯ ಮೇಜಿನ ಮುಂದೆ ಒಬ್ಬ ಹೆಂಗಸು ಇಪ್ಪತ್ತಾರು ವರ್ಷದಿಂದ ಬೆನ್ನು ಬಗ್ಗಿಸಿ ಬರೆಯುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಅಕ್ಷರದಕ್ಕ.

ಸುಲಭದ ಕೆಲಸ ಅಂತ ತಿಳಿಯಬೇಡಿ. ಬಲೂನಿನೊಳಗೆ ಪೆನ್ಸಿಲಿನಲ್ಲಿ ತೆಳು ಗೆರೆ ಎಳೆಯಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಬಾರದು. ಕೋಪದ ಮಾತಿಗೆ ದಪ್ಪ ನಿಬ್ಬು, ಪಿಸುಮಾತಿಗೆ ಸಣ್ಣದು. ಒಂದು ಕೊಂಬು ತಪ್ಪಿದರೆ ಬಿಳಿ ಬಣ್ಣ ಹಚ್ಚಿ, ಅದು ಒಣಗುವ ತನಕ ಉಸಿರು ಹಿಡಿದು ಕೂರಬೇಕು. ಅಕ್ಷರ ಬೀಳುವವರೆಗೆ ಚಿತ್ರದಲ್ಲಿರುವವರೆಲ್ಲ ಮೂಗರು. ಅದಕ್ಕೇ ಆ ಕಚೇರಿಯಲ್ಲಿ ಈ ಕೆಲಸಕ್ಕೆ ‘ಬಾಯಿ ಕೊಡುವುದು’ ಎಂದು ಹೆಸರು. ಆರನೇ ಪುಟಕ್ಕೆ ಬಾಯಿ ಕೊಟ್ಟಾಯಿತೇ ಎಂದು ಕೇಳುವುದು, ಇನ್ನೂ ಇಲ್ಲ ಅನ್ನುವುದು, ಇದೇ ಅಲ್ಲಿನ ದಿನನಿತ್ಯದ ಮಾತು. ಉಳಿದ ಪುಸ್ತಕಗಳಿಗೆಲ್ಲ ಈಗ ಕಂಪ್ಯೂಟರೇ ಬಾಯಿ ಕೊಡುತ್ತದೆ. ತಿಂಗಳಿಗೊಮ್ಮೆ ಬರುವ ಮಸಿಮೋರೆಯ ಪುಸ್ತಕಕ್ಕೆ ಮಾತ್ರ ಅವಳ ಕೈಯೇ ಬೇಕು. ಒಂದು ತಿಂಗಳು ಅವನ ಮಾತನ್ನೂ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ನಮ್ಮವನ ಗಂಟಲು ಕೆಟ್ಟಿದೆ, ಔಷಧಿ ಕೊಡಿಸಿ ಎಂದು ಓದುಗರು ಬರೆದರು.

ಈ ಮಸಿಮೋರೆ ಎಂಥವನು ಅಂತೀರಾ? ಹೆಣ ಸಾಗಿಸುವ ಗಾಡಿಯ ಡ್ರೈವರು. ಯಾವುದೋ ಬೆಂಕಿಯಲ್ಲಿ ಮುಖದ ಅರ್ಧ ಸುಟ್ಟುಹೋಗಿದೆ. ಹಿಂದೆ ಮಲಗಿದ ಹೆಣಗಳ ಜೊತೆ ದಾರಿಯುದ್ದಕ್ಕೂ ಹರಟುತ್ತಾನೆ. ಅವರನ್ನು ಆ ಗತಿಗೆ ತಂದವರು ಯಾರೆಂದು ತಿಳಿದುಕೊಂಡು, ಮಾರನೆಯ ದಿನ ಅವರ ಮನೆ ಬಾಗಿಲಿಗೆ ಗಾಡಿ ನಿಲ್ಲಿಸಿ, ಹಿಂದೆ ಜಾಗ ಖಾಲಿ ಇದೆ ಅನ್ನುತ್ತಾನೆ. ಒಳ್ಳೆಯವನೇನಲ್ಲ. ಸುಳ್ಳ, ಕಳ್ಳ, ಹೊಡೆದರೆ ಕೈಕಾಲು ಮುರಿಯುವ ಹಾಗೆ ಹೊಡೆಯುವವನು. ಆದರೂ ಜನ ಅವನೆಂದರೆ ಜೀವ ಬಿಡುತ್ತಿದ್ದರು. ನಮ್ಮ ಸಾಹೇಬರ ಮುಖಕ್ಕೆ ಹೇಳಬೇಕಾದ್ದನ್ನು ಇವನು ಹೇಳುತ್ತಾನೆ ಎಂದು ಒಬ್ಬ ಟೈಪಿಸ್ಟ್ ಬರೆದಿದ್ದಳು. ಗಂಡ ಸತ್ತ ವರ್ಷ ನಾನು ನಕ್ಕಿದ್ದು ಇವನೊಬ್ಬನ ಮಾತಿಗೆ ಎಂದು ಇನ್ನೊಬ್ಬಳು. ಆಗಬಾರದ್ದೆಲ್ಲ ಆಗಿಹೋದವನಿಗೆ ಇನ್ಯಾರ ಭಯ? ಹೆದರಿ ಹೆದರಿ ಬದುಕುವ ನಮಗೆ ಅಂಥವನು ಒಬ್ಬ ಬೇಕಲ್ಲ.

ಆದರೆ ಮೊದಲಿಂದಲೂ ಅವನು ಹೀಗಿರಲಿಲ್ಲ. ಮೊದಲು ಬರೀ ಹಲ್ಲು ಕಡಿಯುವ ರೌಡಿ. ಅವನಿಗೆ ನಾಲಿಗೆ ಬಂದದ್ದು ಒಂದು ಅಚಾತುರ್ಯದಿಂದ.

ಐದು ವರ್ಷದ ಹಿಂದೆ ಒಂದು ದಿನ ಕಥೆಗಾರ ತನ್ನ ಬರಹದ ಹಾಳೆಯ ಮೇಲೆ ಚಹಾ ಚೆಲ್ಲಿ, ಅದನ್ನು ಹಾಗೇ ಮೇಜಿನ ಮೇಲಿಟ್ಟು ಯಾರದೋ ಮದುವೆಗೆಂದು ಊರಿಗೆ ಹೊರಟುಹೋದ. ಮಧ್ಯಾಹ್ನ ಪುಟ ಅಚ್ಚಿಗೆ ಹೋಗಬೇಕು. ಎಲ್ಲ ಓದಲು ಬರುತ್ತಿತ್ತು, ಒಂದು ಸಾಲು ಮಾತ್ರ ಕಲಸಿಹೋಗಿತ್ತು. ಚಿತ್ರದಲ್ಲಿ ಮಸಿಮೋರೆ ಉರಿಯುವ ಗೋದಾಮಿನಿಂದ ಹೊಗೆಯಾಡುವ ಕೋಟಿನಲ್ಲಿ ಹೊರಗೆ ಬರುತ್ತಿದ್ದಾನೆ, ತಲೆಯ ಮೇಲೆ ಖಾಲಿ ಬಲೂನು. ಅಕ್ಷರದಕ್ಕ ಕಥೆಗಾರನಿಗೆ ಫೋನು ಮಾಡಿ ಮಾಡಿ ಸೋತಳು. ಕೊನೆಗೆ ನಿಬ್ಬು ಅದ್ದಿದಳು. ಕೈ ತಾನಾಗಿ ಬರೆಯಿತು: ‘ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ. ಸುಟ್ಟು ನೋಡ್ದೆ. ನಿಜ.’

ಅದು ಅವಳ ತಮ್ಮನ ಮಾತು. ಮೂವತ್ತೊಂದು ವರ್ಷದ ಹಿಂದೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದು, ಇಪ್ಪತ್ತೆರಡರ ಆ ಹುಡುಗ ಸುಟ್ಟಗಾಯದ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದ್ದ. ಹಗಲು ಅಮ್ಮ ಪಕ್ಕದಲ್ಲಿ ಕೂರುತ್ತಿದ್ದಳು, ಸಂಜೆ ಅಕ್ಕ. ಮೈಯೆಲ್ಲ ಬ್ಯಾಂಡೇಜು, ಕಣ್ಣು ಬಾಯಿ ಮಾತ್ರ ಬಿಟ್ಟು. ಆ ಬಾಯಿಗೆ ಬಿಡುವೇ ಇರಲಿಲ್ಲ. ನೋವು ಎಲ್ಲಿದೆ ಎಂದು ಡಾಕ್ಟರು ಕೇಳಿದರೆ, “ಎಲ್ಲಿಲ್ಲ ಅಂತ ಕೇಳಿ ಡಾಕ್ಟ್ರೇ, ಬೇಗ ಮುಗಿಯುತ್ತೆ” ಅಂದ. ನೋಡಲು ಬಂದ ಯಾರೋ ಹಿರಿಯರು ನೂರು ವರ್ಷ ಬಾಳಪ್ಪ ಅಂದದ್ದಕ್ಕೆ, “ಇದೇ ಮಂಚದ ಮೇಲಾ?” ಅಂದ.

ಪುಸ್ತಕ ಹೊರಬಂತು. ಪತ್ರಗಳು ಗೋಣಿಚೀಲದಲ್ಲಿ ಬಂದವು. ಊರಿಂದ ಬಂದ ಕಥೆಗಾರ ಮೊದಲು ಕೆಂಡವಾದ, ಪತ್ರ ಓದಿ ತಣ್ಣಗಾದ. ಆ ತಿಂಗಳಿಂದ ಪ್ರತಿ ಪುಸ್ತಕದಲ್ಲೂ ಒಂದು ಬಲೂನು ಖಾಲಿ ಬಿಟ್ಟು ಅವಳ ಮೇಜಿಗೆ ಕಳಿಸತೊಡಗಿದ. ಅದೆಲ್ಲಿಂದ ತರುತ್ತೀರಿ ಅಕ್ಕ ಎಂದು ಅವನು ಕೇಳಿದಾಗಲೆಲ್ಲ ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದಳು. ಹೇಗೆ ಹೇಳಿಯಾಳು? ಖಾಲಿ ಬಲೂನಿನ ಮುಂದೆ ಕೂತರೆ ಸುಟ್ಟಗಾಯದ ಮುಲಾಮಿನ ವಾಸನೆ ಮೂಗಿಗೆ ಅಡರುತ್ತಿತ್ತು. ಜೆರಾಕ್ಸ್ ಯಂತ್ರದ ಗುರುಗುಟ್ಟುವಿಕೆಯ ಒಳಗಿಂದ ತಮ್ಮನ ದನಿ ಕೇಳುತ್ತಿತ್ತು, ಕಣಕ್ಕ, ಕಣಕ್ಕ ಎಂದು. ಹೆದರಿಕೆಯಾಗುತ್ತಿತ್ತು, ನಿಜ. ಒಂದು ತಿಂಗಳು ಕೇಳದಿದ್ದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಅವಳು ತಮ್ಮನಿಗೆ ಬಾಯಿ ಕೊಡುತ್ತಿದ್ದಳು, ಅಷ್ಟೇ. ಅವಳು ಬರೆಯುತ್ತಿರುವಷ್ಟು ಕಾಲ ಅವನು ಪೂರ್ತಿ ಸತ್ತಂತಾಗುತ್ತಿರಲಿಲ್ಲ.

ಆದರೆ ಹನ್ನೊಂದು ದಿನದಲ್ಲಿ ಒಬ್ಬ ಮನುಷ್ಯ ಎಷ್ಟು ಮಾತಾಡಿಯಾನು? ತಿಂಗಳಿಗೊಂದರಂತೆ ಐದು ವರ್ಷ ತೆಗೆದು ತೆಗೆದು, ಹೋದ ತಿಂಗಳು ಕೊನೆಯದೂ ಮುಗಿಯಿತು. ನೆನಪಿನ ತಳ ಕೆರೆದರೂ ಏನೂ ಸಿಗಲಿಲ್ಲ. ಈ ತಿಂಗಳ ಪುಟವಂತೂ ನೋಡಲಾಗದಂಥದ್ದು. ಗುಂಡೇಟು ತಿಂದ ಮಸಿಮೋರೆ ತನ್ನದೇ ಗಾಡಿಯ ಹಿಂದೆ, ಹೆಣ ಮಲಗಿಸುವ ಹಲಗೆಯ ಮೇಲೆ ಅಂಗಾತ ಬಿದ್ದಿದ್ದಾನೆ. ಪುಟದ ತುಂಬ ಅದೊಂದೇ ಚಿತ್ರ, ಅದೊಂದೇ ಬಲೂನು. ಇಡೀ ಪುಸ್ತಕ ಈ ಮಾತಿನ ಮೇಲೆ ನಿಂತಿದೆ ಅಕ್ಕ, ನಾಳೆ ಬೆಳಿಗ್ಗೆ ಕೊಟ್ಟುಬಿಡಿ ಎಂದು ಕಥೆಗಾರ ಹಲ್ಲು ಗಿಂಜಿದ. ಅವಳು ಎಂದೂ ಮಾಡದ ಕೆಲಸ ಮಾಡಿದಳು. ಪುಟವನ್ನು ರಟ್ಟಿನ ಮಧ್ಯೆ ಇಟ್ಟು ಮನೆಗೆ ತಂದಳು.

ಮನೆಯೆಂದರೆ ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆ. ಒಂದರಲ್ಲಿ ಅವಳ ಹಾಸಿಗೆ, ಕಬ್ಬಿಣದ ಬೀರು. ಇನ್ನೊಂದರಲ್ಲಿ ಅಡುಗೆಯ ಕಟ್ಟೆ, ಕಿಟಕಿ, ಕಿಟಕಿಯ ಕೆಳಗೆ ಎಂಬತ್ತು ದಾಟಿದ ಅಮ್ಮನ ಮಂಚ. ಅಮ್ಮನಿಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಪ್ರತಿ ತಿಂಗಳೂ ಮಸಿಮೋರೆಯನ್ನು ಮಗಳು ಜೋರಾಗಿ ಓದಬೇಕು, ಅಮ್ಮ ಗೋಡೆ ಕಡೆ ತಿರುಗಿ ಕೇಳಬೇಕು. ಒಮ್ಮೆಯೂ ನಕ್ಕವಳಲ್ಲ. ವಯಸ್ಸಾಯಿತು, ಅರ್ಥವಾಗುವುದಿಲ್ಲ ಎಂದೇ ಮಗಳು ತಿಳಿದಿದ್ದಳು.

ಅವತ್ತು ಸಂಜೆ ಬೆಳಕು ಇರುವಾಗಲೇ ಅವಳು ಪೆನ್ಸಿಲು ಹಿಡಿದು ಕೂತಳು. ಬರೆದಳು, ಅಳಿಸಿದಳು. ಬಲೂನಿನ ಕಾಗದ ಜುಂಗು ಎದ್ದಿತು. ಕೊನೆಗೆ ಒಂದು ಸಾಲು ನಿಲ್ಲಿಸಿ ಅಮ್ಮನಿಗೆ ಚಿತ್ರ ವಿವರಿಸಿದಳು, ಆಮೇಲೆ ಓದಿದಳು: “ಇಷ್ಟು ವರ್ಷ ಎಲ್ಲರನ್ನೂ ಹೊತ್ತೆ. ಇವತ್ತು ನನ್ನ ಸರದಿ.”

ಅಮ್ಮ ಗೋಡೆಯಿಂದ ಈ ಕಡೆ ತಿರುಗಿದಳು. “ಇದು ಅವನದ್ದಲ್ಲ,” ಅಂದಳು.

ಯಾರದ್ದಲ್ಲ ಎಂದು ಕೇಳುವ ಧೈರ್ಯ ಮಗಳಿಗೆ ಬರಲಿಲ್ಲ. ಅಮ್ಮನೇ ಮುಂದುವರಿಸಿದಳು. ಹೆತ್ತವಳಿಗೆ ಮಗನ ಮಾತು ಗುರುತು ಸಿಗುವುದಿಲ್ಲವೇ, ಸುಟ್ಟು ನೋಡಿದೆ ಅಂದ ದಿನವೇ ಗೊತ್ತಾಯಿತು ಅಂದಳು. ನೀನಾಗಿಯೇ ಹೇಳುತ್ತೀಯೆಂದು ಕಾದೆ. ನಗು ಬಂದರೂ ಗೋಡೆ ಕಡೆ ತಿರುಗಿ ನುಂಗಿಕೊಂಡೆ. ಯಾಕೆಂದರೆ ಆಗ ವಾರ್ಡಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕವಳು. ಮಗ ಸಾಯುತ್ತಿದ್ದಾನೆ, ತಾಯಿ ಕಿಸಿಯುತ್ತಿದ್ದಾಳೆ ಎಂದು ಪಕ್ಕದ ಮಂಚದವರು ಆಡಿಕೊಂಡರು. ಆ ಪಾಪ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ ಅಂದಳು.

ಆಗ ಮಗಳ ಕಟ್ಟೆಯೂ ಒಡೆಯಿತು. ಮೂವತ್ತೊಂದು ವರ್ಷ ಯಾರ ಹತ್ತಿರವೂ ಬಾಯಿಬಿಡದ್ದನ್ನು ಹೇಳಿದಳು. ಹತ್ತನೆಯ ಸಂಜೆ ಅವನು ತನ್ನ ಹೆಣದ ಬಗ್ಗೆಯೇ ಏನೋ ತಮಾಷೆ ಮಾಡಿದ. ಅವಳಿಗೆ ತಡೆಯಲಾಗಲಿಲ್ಲ. ಸಾಕು ಮಾಡು, ಬಾಯಿ ಮುಚ್ಚು ಎಂದು ಗದರಿದಳು. ಹನ್ನೊಂದನೆಯ ಸಂಜೆ ಅವನು ಕಣ್ಣುಮುಚ್ಚಿ ಮಲಗಿದ್ದ, ಒಂದು ಮಾತಿಲ್ಲ. ಕೋಪ ಮಾಡಿಕೊಂಡಿದ್ದಾನೆ, ಮಾಡಿಕೊಳ್ಳಲಿ, ತಾನಾಗಿ ಮಾತಾಡಲಿ ಎಂದು ಅವಳೂ ಹಟಕ್ಕೆ ಬಿದ್ದು ಸುಮ್ಮನೆ ಕೂತಳು. ಆರೂವರೆಗೆ ನರ್ಸು ಬಂದು ಬಾಯಿಯ ಬಳಿ ಕೈ ಹಿಡಿದು ನೋಡಿದಳು. ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು.

“ನಾನೇ ಅವನ ಬಾಯಿ ಮುಚ್ಚಿಸಿದೆ ಅಮ್ಮ. ನನ್ನ ಮೇಲೆ ಸಿಟ್ಟಲ್ಲೇ ಹೋದ,” ಅಂದಳು.

ಅಮ್ಮ ಹೇಳಲೋ ಬೇಡವೋ ಎಂದು ತೂಗುತ್ತಿದ್ದಂತಿತ್ತು. ಆಮೇಲೆ ಮಗಳ ಮೊಣಕೈ ಹುಡುಕಿ ಹಿಡಿದುಕೊಂಡಳು.

“ಸಿಟ್ಟಲ್ಲ ಕಣೇ. ಅವತ್ತು ನೀನು ಬರೋ ಹೊತ್ತಿಗೆ ನನಗೆ ಹೇಳ್ದ. ಅಕ್ಕ ಬಾಯ್ಮುಚ್ಚು ಅಂದಿದಾಳಲ್ಲ, ಇವತ್ತು ಮುಚ್ಚೇ ಮುಚ್ತೀನಿ, ಎಷ್ಟು ಹೊತ್ತು ತಡ್ಕೋತಾಳೆ ನೋಡು. ಏಳು ಗಂಟೆ ಒಳಗೆ ಮಾತಾಡೋ ಅಂತ ಅವಳೇ ಅಂಗಲಾಚ್ತಾಳೆ ಅಂದ. ನಿನಗೆ ಹೇಳ್ಬಾರ್ದು ಅಂತ ಆಣೆ ಮಾಡಿಸ್ಕೊಂಡ. ನಾನು ನಗ್ತಾನೇ ಮನೆಗೆ ಬಂದೆ. ಆಟ ಆಡ್ತಾ ಆಡ್ತಾ ಹೋಗ್ಬಿಟ್ಟ.”

ಕಿಟಕಿಯಾಚೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಅಕ್ಷರದಕ್ಕ ಅತ್ತಳು. ತಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವನು ಕೋಪ ಮಾಡಿಕೊಂಡಿರಲಿಲ್ಲ ಎಂಬ ಸಮಾಧಾನಕ್ಕೋ, ಒಂದೇ ಒಂದು ಸಲ ಮಾತಾಡೋ ಅಂದಿದ್ದರೆ ಕಣ್ಣು ತೆರೆಯುತ್ತಿದ್ದನೇನೋ ಎಂಬ ಸಂಕಟಕ್ಕೋ, ಅವಳಿಗೇ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದು ಕೂತವು, ಇನ್ನು ಸಾಯುವ ತನಕ ಎರಡೂ ಅಲ್ಲೇ ಇರುತ್ತವೆ. “ಮಾತಾಡೋ,” ಅಂದಳು ಕೊನೆಗೆ, ಯಾರನ್ನೂ ನೋಡದೆ. ಅಮ್ಮನೂ ಮಗಳೂ ಕಿವಿಗೊಟ್ಟು ಕೂತರು. ಕತ್ತಲಾಗುವವರೆಗೂ ಕೂತರು.

ಬೆಳಿಗ್ಗೆ ಕಥೆಗಾರ ಪುಟ ಬಿಡಿಸಿ ನೋಡಿ ಹೌಹಾರಿದ. ಪೆನ್ಸಿಲಿನ ಗೆರೆಯನ್ನೂ ಉಳಿಸದೆ ಅವಳು ಬಲೂನನ್ನು ಬಿಳಿ ಬಣ್ಣದಿಂದ ಸವರಿದ್ದಳು. ಇದೇನಕ್ಕ, ಇವನಿಗೆ ಬಾಯಿಯೇ ಕೊಟ್ಟಿಲ್ಲವಲ್ಲ, ಹೀಗೇ ಅಚ್ಚಿಗೆ ಹೋದರೆ ಜನ ಸತ್ತ ಅಂದುಕೊಳ್ಳುತ್ತಾರೆ ಎಂದು ಗೋಗರೆದ.

ಅವಳು ನಿಬ್ಬು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅಂದ್ಕೊಳ್ಳಿ ಬಿಡಿ. ಅವನು ಬೇಕಂತಲೇ ಸುಮ್ಮನಿದಾನೆ. ನಾವು ಎಷ್ಟು ಹೊತ್ತು ತಡ್ಕೋತೀವಿ ಅಂತ ನೋಡ್ತಿದಾನೆ.”