ದಿಂಬು ಕೊಟ್ಟ ಷಡ್ಡಕ

ನನ್ನ ಷಡ್ಡಕ ಎಲ್ಲರೆದುರು ನನ್ನ ಕೈಗೆ ದಿಂಬು ಕೊಟ್ಟ. ಅದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಮಾವನವರು ಮನೆ ಬದಲಾಯಿಸಿದ ದಿನ ಅದು. ನೆಂಟರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಸಾಮಾನು ಸಾಗಿಸಲು ಬಂದದ್ದು ಅವನ ವ್ಯಾನು, ಹಾಗಾಗಿ ಯಜಮಾನಿಕೆಯೂ ಅವನದೇ. ಯಾರು ಏನು ಎತ್ತಬೇಕೆಂದು ಹಂಚುತ್ತಾ ಹೋದ. ಒಬ್ಬನಿಗೆ ಗಾಜಿನ ಲೋಟದ ಪೆಟ್ಟಿಗೆ, ಇನ್ನೊಬ್ಬನಿಗೆ ನಿಲುವುಗನ್ನಡಿ. ಮಂಡಿ ಹಿಡಿದುಕೊಂಡು ನಡೆಯುವ ಸೋದರತ್ತೆಗೆ ಗೋಡೆ ಗಡಿಯಾರ. ನನ್ನ ಸರದಿ ಬಂದಾಗ ಒಂದು ಗಳಿಗೆ ನನ್ನ ಕೈಗಳನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಎರಡು ದಿಂಬು ತಂದು ಅವುಗಳ ಮೇಲಿಟ್ಟ. ಯಾರೋ ಕಿಸಕ್ಕೆಂದರು.

ನನಗೆ ಸಿಟ್ಟು ಬರುತ್ತದೆ ಎನ್ನುವುದು ನಿಜ. ಸಿಟ್ಟು ಬಂದಾಗ ಕೈಯಲ್ಲಿದ್ದದ್ದು ನೆಲ ಸೇರುತ್ತದೆ ಎನ್ನುವುದೂ ನಿಜ. ಆದರೆ ಆವತ್ತು ನನಗೆ ಸಿಟ್ಟು ಬಂದಿರಲಿಲ್ಲ. ದಿಂಬು ಕೊಟ್ಟ ಮೇಲೆ ಬಂತು. ಎರಡನ್ನೂ ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಅವಕ್ಕೆ ಏನೂ ಆಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಆವತ್ತಿನಿಂದ ನಮಗೆ ಮಾತಿಲ್ಲ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ವರಸೆಯಲ್ಲಿ ನನಗಿಂತ ಚಿಕ್ಕವನು. ವಯಸ್ಸಿನಲ್ಲಿ ದೊಡ್ಡವನು. ವರಸೆ ಪ್ರಕಾರ ಅವನೇ ಮೊದಲು ಮಾತಾಡಬೇಕು ಎಂದು ನಾನು ಕಾದೆ. ವಯಸ್ಸಿನ ಪ್ರಕಾರ ನಾನೇ ಮಾತಾಡಬೇಕು ಎಂದು ಅವನು ಕಾದಿರಬೇಕು. ಇಬ್ಬರಿಗೂ ನ್ಯಾಯವಿತ್ತು, ಹಾಗಾಗಿ ವರ್ಷಗಳು ಆರಾಮವಾಗಿ ಕಳೆದವು. ಎರಡು ಮನೆಯ ಸುದ್ದಿಯನ್ನು ಅಕ್ಕತಂಗಿಯರೇ ಸಾಗಿಸಿದರು. ಅವರ ಬಾಯಿಗೆ ಅದೇನೂ ಭಾರವಾಗಲಿಲ್ಲ.

ಅವನ ಕಸುಬು ಮೊಟ್ಟೆ. ಮೀಸೆ ಬರುವ ಮೊದಲೇ ಕೋಳಿ ಫಾರ್ಮಿನಲ್ಲಿ ಗೂಡು ಗುಡಿಸಲು ಸೇರಿದವನು, ಆಮೇಲೆ ಸೈಕಲ್ಲಿನ ಹಿಂದೆ ಟ್ರೇ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗಿದ. ಕೊನೆಗೆ ಯಾರೋ ಓಡಿಸಿ ಬಿಟ್ಟ ವ್ಯಾನೊಂದನ್ನು ಕೊಂಡ. ಅದರ ಹೊಟ್ಟೆಯೊಳಗೆಲ್ಲ ಹಳೆಯ ಕಂಬಳಿ, ಗೋಣಿಚೀಲ ಹಾಸಿದ್ದ. ರಸ್ತೆಯಲ್ಲಿ ಹಂಪು ಕಂಡರೆ ವ್ಯಾನನ್ನು ಓರೆ ಮಾಡಿ, ಒಂದೊಂದೇ ಚಕ್ರವನ್ನು ಎತ್ತಿ ಇಳಿಸುತ್ತಿದ್ದ, ಅಜ್ಜಿಯನ್ನು ಮೆಟ್ಟಿಲು ಇಳಿಸುವ ಹಾಗೆ. ಸೈಕಲ್ಲಿನವರು ಅವನನ್ನು ದಾಟಿ ಹೋಗುತ್ತಿದ್ದರು. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕಿಟಕಿಯಿಂದ ಕೈ ಚಾಚಿ ಮುಂದೆ ಹೋಗಿ ಎನ್ನುತ್ತಿದ್ದ. ಬೈದವರಿಗೂ ಅದೇ ಕೈ. ಊರೆಲ್ಲ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿತ್ತು. ಮನೆಯಲ್ಲೂ ಹಾಗೆಯೇ ಅಂತೆ. ಬಾಗಿಲು ಹಾಕಿದ್ದು ಯಾರಿಗೂ ಕೇಳಿಸುವುದಿಲ್ಲ. ಹೆಂಡತಿಯೊಂದಿಗೆ ಜಗಳವಾದರೆ ಮೂಲೆಯಲ್ಲಿ ಕೂತು ಬಟ್ಟೆ ಮಡಿಸುತ್ತಾನಂತೆ.

ಅವನ ವ್ಯಾಪಾರದ ಮುಕ್ಕಾಲು ಪಾಲು ಒಂದು ದೊಡ್ಡ ಬೇಕರಿಗೆ. ಆ ಬೇಕರಿಯವನನ್ನು ಒಪ್ಪಿಸಲು ವರ್ಷಗಟ್ಟಲೆ ಅವನ ಹಿಂಬಾಗಿಲಲ್ಲಿ ನಿಂತಿದ್ದ. ಬೆಳಗಿನ ಮೊದಲ ಒಲೆ ಹತ್ತುವ ಹೊತ್ತಿಗೆ ಒಂದು ಮೊಟ್ಟೆಯೂ ಒಡೆಯದೆ ಅಲ್ಲಿ ಇಳಿಯಬೇಕು. ಇಳಿಯುತ್ತಿತ್ತು.

ಇನ್ನು ನನ್ನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ಕೆಲಸ. ನಾನು ಓದಿದ್ದು ಕಡಿಮೆ, ಆದರೆ ಆ ಬಾಯ್ಲರಿನ ಕೆಮ್ಮು ನನಗೆ ಗೊತ್ತು. ಬೆಳಗಾಗುವ ಮೊದಲು ನಾನು ಹೋಗಿ ಹಚ್ಚಿದರೆ ಹಬೆ ಏರಿ, ಆಪರೇಷನ್ ಕೋಣೆಗೆ ಹೊತ್ತಿಗೆ ಸರಿಯಾಗಿ ಬಟ್ಟೆ ಹೋಗುತ್ತದೆ. ಮನೆಯಿಂದ ಲೋಕಲ್ ರೈಲು ಹಿಡಿದರೆ ಒಂದು ನಿದ್ದೆಯ ದೂರ.

ಒಂದು ದಿನ ಸ್ಟೇಷನ್ನಿನ ಗೋಡೆಗೆ ಚೀಟಿ ಬಿತ್ತು. ಸೇತುವೆ ದುರಸ್ತಿ, ಮುಂದಿನ ಆದೇಶದವರೆಗೆ ರೈಲಿಲ್ಲ, ಪ್ರಯಾಣಿಕರ ಸಹಕಾರ ಕೋರಲಾಗಿದೆ. ನನ್ನನ್ನು ಯಾರೂ ಕೋರಲಿಲ್ಲ. ಕೋರಿದ್ದರೆ ಇಲ್ಲ ಎನ್ನುತ್ತಿದ್ದೆ.

ಬದಲಿ ಬಸ್ಸು ಬಿಟ್ಟರು. ಮೊದಲ ದಿನ ಅದು ಬರಲೇ ಇಲ್ಲ. ನಾನು ತಡವಾದೆ. ಎರಡನೇ ದಿನ ಬಂತು. ನಿನ್ನೆ ಯಾಕೆ ಬರಲಿಲ್ಲ ಎಂದು ಕಂಡಕ್ಟರನನ್ನು ಕೇಳಿದೆ. ಕೇಳಿದ ರೀತಿ ಸರಿಯಿಲ್ಲವೆಂದು ಅವನು ಅರ್ಧ ದಾರಿಯಲ್ಲಿ ಇಳಿಸಿದ. ಮತ್ತೆ ತಡವಾದೆ. ಫೋರ್ಮನ್ ನನ್ನನ್ನು ಕರೆದು, ಇನ್ನೊಂದು ಸಲ ತಡವಾದರೆ ಬಾಯ್ಲರ್ ಹಗಲು ಪಾಳಿಯವನ ಕೈಗೆ ಹೋಗುತ್ತದೆ ಎಂದ. ನನಗೆ? ಮಡಿಸುವ ಮೇಜು ಎಂದ. ದಿಂಬಿನ ಗವಸು ಮಡಿಸುವ ಕಡೆ ಜನ ಕಡಿಮೆಯಿದ್ದಾರೆ ಎಂದ.

ನಾನು ಏನೂ ಒಡೆಯದೆ ಮನೆಗೆ ಬಂದೆ.

ನಮ್ಮ ಬೀದಿಯಲ್ಲಿ ಗಾಡಿ ಇರುವವರೇನೂ ಕಡಿಮೆಯಿಲ್ಲ. ಮೂಲೆಮನೆಯ ದರ್ಜಿಗೆ ಸ್ಕೂಟರಿದೆ, ಅವನೊಂದಿಗೆ ಚರಂಡಿ ವಿಷಯಕ್ಕೆ ಜಗಳವಾಗಿದೆ. ಮೇಲ್ಮನೆಯ ಮೇಷ್ಟರಿಗೆ ಕಾರಿದೆ, ಅವರ ನಾಯಿಯೊಂದಿಗೆ ಆಗಿದೆ.

ಹೆಂಡತಿ ಎಲ್ಲ ಕೇಳಿಸಿಕೊಂಡು, "ಜಗಳ ಆಡದೇ ಇರೋರು ಯಾರಾದ್ರೂ ಉಳಿದಿದಾರಾ ಹೇಳಿ, ಅವರನ್ನೇ ಕೇಳ್ತೀನಿ" ಎಂದಳು.

ನಾನು ಯೋಚಿಸುತ್ತಿರುವಾಗಲೇ ಅವಳು ತಂಗಿಗೆ ಫೋನು ಮಾಡಿ ಮುಗಿಸಿದ್ದಳು. ಮೊಟ್ಟೆ ವ್ಯಾನು ಬೇಕರಿಗೆ ಹೋಗುವುದು ಲಾಂಡ್ರಿಯ ಮುಂದಿನಿಂದಲೇ.

ಮಾರನೆಯ ಬೆಳಗ್ಗೆ ವ್ಯಾನು ಮನೆಯ ಮುಂದೆ ಸದ್ದಿಲ್ಲದೆ ನಿಂತಿತು. ಪಕ್ಕದ ಸೀಟಿನಲ್ಲಿ ಮೊದಲು ಟ್ರೇಗಳ ಸಾಲೊಂದು ಕೂರುತ್ತಿತ್ತು. ನನಗಾಗಿ ಅದನ್ನು ಹಿಂದಕ್ಕೆ ಸೇರಿಸಿದ್ದ. ಎಷ್ಟು ಒತ್ತಿದರೂ ಒಂದು ಟ್ರೇ ಉಳಿದಿತ್ತು. ನಾನು ಹತ್ತಿ ಕೂತ ಮೇಲೆ ಅದನ್ನು ನನ್ನ ತೊಡೆಯ ಮೇಲಿಟ್ಟ. ಜಾಗವಿಲ್ಲದ್ದಕ್ಕೆ ಇಟ್ಟನೇ ಹೊರತು ನಂಬಿಕೆಯಿಂದಲ್ಲ.

ಹೀಗೆ ದಿನವೂ ಹೋದೆವು. ಮಾತಾಡಲೇಬೇಕಾದದ್ದನ್ನು ಅವನು ಮುಂದಿನ ಗಾಜಿಗೆ ಹೇಳುತ್ತಿದ್ದ. "ಬಾಗಿಲು ಇನ್ನೊಂದ್ಸಲ ಎಳ್ದು ಹಾಕಿದ್ರೆ ಒಳ್ಳೇದು" ಎಂದು ಗಾಜಿಗೆ. ನಾನು ಎಳೆದು ಹಾಕುತ್ತಿದ್ದೆ. ಅಷ್ಟು ಜೋರಾಗಿ ಬೇಡ ಎಂದೂ ಗಾಜಿಗೇ ಹೇಳುತ್ತಿದ್ದ. ನಾನು ಉತ್ತರವನ್ನು ಮೊಟ್ಟೆಗಳಿಗೆ ಹೇಳುತ್ತಿದ್ದೆ.

ತೊಡೆಯ ಮೇಲೆ ಮೊಟ್ಟೆ ಇಟ್ಟುಕೊಂಡವನು ಏನೂ ಮಾಡುವಂತಿಲ್ಲ. ಅಡ್ಡ ಬಂದ ಲಾರಿಯವನಿಗೆ ಕೈ ಎತ್ತುವಂತಿಲ್ಲ, ಇಳಿಯುವಂತಿಲ್ಲ, ಉಸಿರು ಜೋರಾಗಿ ಬಿಡುವಂತಿಲ್ಲ. ಬದಲಿ ಬಸ್ಸಿನ ಆ ಕಂಡಕ್ಟರ್ ಒಂದು ದಿನ ಪಕ್ಕದಲ್ಲೇ ನಿಂತು ನನ್ನನ್ನು ಗುರುತಿಸಿ ನಕ್ಕ. ನಾನು ಮೊಟ್ಟೆ ನೋಡುತ್ತಾ ಕೂತೆ. ಆ ದಿನಗಳಲ್ಲಿ ನನ್ನ ರಕ್ತದೊತ್ತಡ ಇಳಿದಿತ್ತೆಂದು ಆಸ್ಪತ್ರೆಯ ನರ್ಸೊಬ್ಬಳು ಹೇಳಿದಳು. ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ಕೇಳಿದಳು.

ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆವು, ಯಾಕೆಂದರೆ ಅವನು ಅಷ್ಟು ಬೇಗ ಹೊರಡುತ್ತಿದ್ದ. ಆದರೆ ಒಂದು ದಿನ ರೈಲ್ವೆ ಗೇಟು ಹಾಕಿತ್ತು. ರೈಲೇ ಇಲ್ಲದ ಹಳಿಗೆ ಗೇಟು ಹಾಕಿದ್ದರು. ದುರಸ್ತಿಗೆ ಜಲ್ಲಿ ತಂದ ಗೂಡ್ಸ್ ಬಂಡಿ ಅಡ್ಡ ನಿಂತಿತ್ತು, ಅದರ ಎಂಜಿನ್ನು ಕೆಟ್ಟಿತ್ತು. ಹಿಂದೆ ವಾಹನಗಳ ಬಾಲ ಬೆಳೆಯಿತು. ಗೇಟಿನವನು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅವನಿಗೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ತೊಡೆಯ ಮೇಲೆ ಟ್ರೇ ಇತ್ತು.

ಷಡ್ಡಕ ನನ್ನ ಕೈಗಡಿಯಾರ ನೋಡಿದ. ನಾನೂ ನೋಡಿದೆ. ನನ್ನ ಬಾಯ್ಲರಿನ ಕಥೆ ಅವನಿಗೆ ಗೊತ್ತಿತ್ತು. ಅಕ್ಕತಂಗಿಯರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಗೇಟಿನ ಎಡಕ್ಕೆ ಹಳಿಯ ಬದಿಯಲ್ಲೇ ಒಂದು ಮಣ್ಣುದಾರಿ ಇದೆ. ಜಲ್ಲಿ ಲಾರಿಗಳು ಓಡಾಡಿ ಗುಂಡಿ ಬಿದ್ದ ದಾರಿ, ಸೇತುವೆಯ ಕೆಳಗಿನಿಂದ ಆಚೆ ಹೋಗುತ್ತದೆ. ಅವನು ಆ ಕಡೆ ನೋಡಿದ. ಹಿಂದೆ ತಿರುಗಿ ತನ್ನ ಟ್ರೇಗಳನ್ನು ನೋಡಿದ. ನೋಡುವುದನ್ನೂ ನಿಧಾನವಾಗಿಯೇ ಮಾಡಿದ. ಆಮೇಲೆ ಗೇರ್ ಹಾಕಿ, ಗಾಜಿಗಲ್ಲ, ನನ್ನ ಕಡೆ ತಿರುಗಿ ಹೇಳಿದ:

"ಅಣ್ಣ, ಟ್ರೇ ಹಿಡ್ಕೊ. ಗಟ್ಟಿಯಾಗಿ ಬೇಡ, ಮೆತ್ತಗೆ."

ಆ ಮನುಷ್ಯ ವ್ಯಾನನ್ನು ಹಾಗೆ ಓಡಿಸಬಲ್ಲನೆಂದು ಆ ವ್ಯಾನಿಗೂ ಗೊತ್ತಿರಲಿಲ್ಲ. ಗುಂಡಿಗೊಂದು ಸಲ ನಮ್ಮ ತಲೆ ಸೂರಿಗೆ ತಗಲುತ್ತಿತ್ತು. ಹಿಂದೆ ಚಟಚಟ ಸದ್ದು. ಒಂದೊಂದು ಸದ್ದಿಗೂ ಅವನ ಭುಜ ಸ್ವಲ್ಪ ಮೇಲೇರುತ್ತಿತ್ತು, ಕಾಲು ಮಾತ್ರ ಮೇಲೇಳಲಿಲ್ಲ. ನಾನು ಮೊಣಕೈ ಎರಡನ್ನೂ ಹೊಟ್ಟೆಗೆ ಒತ್ತಿಕೊಂಡು ಟ್ರೇಯನ್ನು ಗಾಳಿಯಲ್ಲಿ ಹಿಡಿದಿದ್ದೆ, ನೀರು ತುಂಬಿದ ತಟ್ಟೆ ಹಿಡಿದ ಹಾಗೆ. ಸೇತುವೆ ದಾಟಿ ಟಾರು ರಸ್ತೆ ಸಿಗುವ ಹೊತ್ತಿಗೆ ಹಿಂಬಾಗಿಲಿನ ಸಂದಿಯಿಂದ ಹಳದಿ ಸೋರುತ್ತಿತ್ತು.

ಲಾಂಡ್ರಿಯ ಮುಂದೆ ಹಾರಿ ಓಡಿದೆ. ಬಾಯ್ಲರ್ ಕೋಣೆಯ ಬಾಗಿಲಲ್ಲಿ ಫೋರ್ಮನ್, ಅವನ ಪಕ್ಕದಲ್ಲಿ ಹಗಲು ಪಾಳಿಯವನು. ಬೀಗದ ಕೈ ಒಬ್ಬನಿಂದ ಇನ್ನೊಬ್ಬನ ಕೈಗೆ ಹೋಗುವುದರಲ್ಲಿತ್ತು. ಪಾಳಿ ಶುರುವಾಗುವ ಸೈರನ್ ಇನ್ನೂ ಕೂಗಿರಲಿಲ್ಲ. ಫೋರ್ಮನ್ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದ.

"ಇದೇನು?" ಎಂದ.

ಆಗಲೇ ನನಗೂ ಗೊತ್ತಾದದ್ದು, ಟ್ರೇ ನನ್ನ ಕೈಯಲ್ಲೇ ಇತ್ತು. ಮೊಟ್ಟೆ ಎಂದೆ. ಅದು ಕಾಣುತ್ತಲೇ ಇತ್ತು. ಒಂದೂ ಒಡೆದಿರಲಿಲ್ಲ. ಬಾಗಿಲಾಚೆ ನೋಡಿದೆ, ವ್ಯಾನು ಹೊರಟುಹೋಗಿತ್ತು. ಬೀಗದ ಕೈ ತಗೊಳ್ಳಲು ನನಗೊಂದು ಕೈ ಬೇಕಾಗಿತ್ತು, ಹಾಗಾಗಿ ಟ್ರೇಯನ್ನು ಹಗಲು ಪಾಳಿಯವನಿಗೆ ಕೊಟ್ಟೆ.

ಹಬೆ ಹೊತ್ತಿಗೆ ಏರಿತು. ಮಧ್ಯಾಹ್ನ ಯಾರೋ ಆ ಮೊಟ್ಟೆಗಳನ್ನು ಹಬೆ ಕೊಳವೆಯ ಬದಿಯಲ್ಲಿ ಬೇಯಿಸಿದರು. ಎಲ್ಲರೂ ತಿಂದರು. ಫೋರ್ಮನ್ ಉಪ್ಪು ಕೇಳಿದ.

ಬೇಕರಿಯಲ್ಲಿ ಆವತ್ತು ಒಲೆ ತಣ್ಣಗೆ ಕೂತಿತ್ತಂತೆ. ದೊಡ್ಡ ಆರ್ಡರಿನ ದಿನ. ಬೇಕರಿಯವನು ಬೇರೊಬ್ಬನಿಂದ ಮೊಟ್ಟೆ ತರಿಸಿದ, ಮಾರನೆಯ ದಿನವೂ ಅವನಿಂದಲೇ ತರಿಸಿದ. ಇದನ್ನೆಲ್ಲ ಹೆಂಡತಿ ಹೇಳಿದ್ದು. ಷಡ್ಡಕ ಅದಾದ ಮೇಲೂ ರೈಲು ಶುರುವಾಗುವವರೆಗೆ ದಿನಾ ಬಂದು ನನ್ನನ್ನು ಬಿಟ್ಟು ಬಂದ. ಹಿಂದೆ ಟ್ರೇಗಳು ಕಡಿಮೆಯಾಗುತ್ತಾ ಬಂದವು. ತೊಡೆಯ ಮೇಲೆ ಇಡುವ ಅಗತ್ಯ ಬೀಳಲಿಲ್ಲ. ಅವನು ಮತ್ತೆ ಗಾಜಿಗೇ ಮಾತಾಡಿದ. ಅವನು ಅಣ್ಣ ಎಂದಾಗ ನಾನು ಏನಾದರೂ ಅನ್ನಬೇಕಿತ್ತು, ಆದರೆ ಆಗ ಗುಂಡಿಗಳಿದ್ದವು. ಆಮೇಲೆ ಹೇಳಲು ಮೊಟ್ಟೆಗಳೂ ಇರಲಿಲ್ಲ.

ರೈಲು ಶುರುವಾದ ಮೇಲೆ ಒಂದು ರಜೆಯ ದಿನ ಅಂಗಡಿಯಿಂದ ಒಂದು ಟ್ರೇ ಮೊಟ್ಟೆ ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವರ ಮನೆಗೆ ಹೋದೆ. ದಿಂಬಿನ ವಿಷಯ ಬೇರೆ, ಮೊಟ್ಟೆಯ ವಿಷಯ ಬೇರೆ. ತಗೊಂಡದ್ದನ್ನು ಕೊಡಬೇಕು.

ಅವನು ಮನೆಯಲ್ಲಿರಲಿಲ್ಲ. ಮೊಟ್ಟೆ ಬಿಟ್ಟು ಹಾಸಿಗೆ ಅಂಗಡಿಯ ಬಾಡಿಗೆಗೆ ವ್ಯಾನು ಹಾಕಿದ್ದಾನೆ ಎಂದು ನಾದಿನಿ ಹೇಳಿದಳು. ದಿನವಿಡೀ ದಿಂಬು ಸಾಗಿಸುತ್ತಾನಂತೆ. ಜೋರಾಗಿ ಓಡಿಸುತ್ತಾನಾ ಎಂದು ಮಾತ್ರ ಕೇಳಿದೆ. ಇಲ್ಲ, ಅದನ್ನೂ ಹಾಗೇ ಓಡಿಸುತ್ತಾರೆ, ಅಂಗಡಿಯವನು ದಿನಾ ಬೈತಾನೆ ಎಂದಳು.

ನಾನು ಟ್ರೇ ಮುಂದೆ ಹಿಡಿದೆ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಭಾವ, ಕೋಪ ಮಾಡ್ಕೋಬೇಡಿ. ಈ ಮನೆಗೆ ಏನು ಬೇಕಾದ್ರೂ ತನ್ನಿ, ಮೊಟ್ಟೆ ಮಾತ್ರ ಬೇಡ. ಇಷ್ಟು ವರ್ಷ ಅದರ ವಾಸನೇಲೇ ಮಲಗಿದೀನಿ."

ನನಗೆ ಸಿಟ್ಟು ಬಂತು. ಕೈಯಲ್ಲಿ ಟ್ರೇ ಇತ್ತು. ಸಂಜೆಯ ರೈಲಿಗೆ ಅದನ್ನು ಹಾಗೇ ವಾಪಸು ತಂದೆ, ಒಂದೂ ಒಡೆಯಲಿಲ್ಲ. ಆ ಒಂದು ಟ್ರೇ ಇವತ್ತಿಗೂ ಬಾಕಿ ಇದೆ.